ಗಂಟೆಯೊಳಗಿನ ಸೀಸ

ಬಸದಿಗೊಂದು ಗಂಟೆ ಎರೆಯಿಸಲು ಊರವರೆಲ್ಲ ತಮ್ಮ ತಮ್ಮ ಮನೆಯ ಕಂಚಿನ ಪಾತ್ರೆಗಳನ್ನು ತಂದೊಪ್ಪಿಸಿದರು. ಮೇಲೆ ಕಂಚಿನ ಲೇಪ ಹಚ್ಚಿಕೊಂಡ ಸೀಸದ ಬಟ್ಟಲೊಂದೂ ಸದ್ದಿಲ್ಲದೆ ಆ ರಾಶಿಗೆ ಸೇರಿಕೊಂಡಿತು.

"ನಿನ್ನೊಳಗೆ ಬೇರೇನಾದರೂ ಇದ್ದರೆ ಈಗಲೇ ಹೇಳಿಬಿಡು ಮಗು," ಎಂದಿತು ಪಕ್ಕದಲ್ಲಿದ್ದ ಹಳೆಯ ಗಂಗಾಳ. "ಮೂಸೆಯಲ್ಲಿ ಕರಗಿದ ಮೇಲೆ ನಾವೆಲ್ಲ ಒಂದೇ ಮೈ."

"ನಾನು ಅಪ್ಪಟ ಕಂಚು, ಅಜ್ಜಿ," ಎಂದಿತು ಬಟ್ಟಲು. ಇಷ್ಟು ದೊಡ್ಡ ಗಂಟೆಯಲ್ಲಿ ಒಂದು ಹಿಡಿ ಸೀಸ ಯಾವ ಲೆಕ್ಕ ಎಂದುಕೊಂಡಿತು.

ಗಂಟೆ ಸಿದ್ಧವಾಯಿತು. ಊರೆಲ್ಲ ಕೈಮುಗಿದು ನಿಂತಿರಲು ಕಂಚುಗಾರ ಬಾರಿಸಿದ. ನಾದ ಹೊರಡಲಿಲ್ಲ, ಮಣ್ಣಿನ ಹೆಂಟೆ ಬಿದ್ದಂತೆ ದಪ್ಪೆಂದಿತು.

"ಇದರಲ್ಲಿ ಸೀಸ ಬೆರೆತಿದೆ. ಇಡೀ ಗಂಟೆಯನ್ನೇ ಮತ್ತೆ ಕರಗಿಸಬೇಕು," ಎಂದ ಅವನು.

ಗಂಟೆಯೊಳಗಿನಿಂದ ಸೀಸ ಕೂಗಿಕೊಂಡಿತು. "ತಪ್ಪು ನನ್ನದು, ಅಜ್ಜಿ! ನನ್ನೊಂದನ್ನೇ ಸುಡಲಿ. ನೀವೆಲ್ಲ ಯಾಕೆ ಬೇಯಬೇಕು?"

"ನಿನ್ನೊಂದನ್ನೇ ಎಲ್ಲಿಂದ ಹೆಕ್ಕಿ ತೆಗೆಯುತ್ತಾರೆ ಮಗು? ನೀನೀಗ ನಮ್ಮ ಮೈತುಂಬ ಇದ್ದೀಯಲ್ಲ," ಎಂದಿತು ಗಂಗಾಳ.

ಮೂಸೆ ಕೆಂಪಗೆ ಬಾಯ್ತೆರೆದು ಕಾದಿತ್ತು. ಊರಿನ ಅಷ್ಟೂ ಮನೆಗಳ ಕಂಚು, ಒಂದು ಬಿರುನುಡಿಯನ್ನೂ ಆಡದೆ, ಸೀಸವನ್ನು ಒಡಲಲ್ಲಿ ಹೊತ್ತುಕೊಂಡೇ ಎರಡನೆಯ ಸಲ ಬೆಂಕಿಗಿಳಿಯಿತು. ಉರಿ ತಾಗುವ ಮೊದಲೇ ಸೀಸ ಕರಗಿ ನೀರಾಗಿತ್ತು.