ನೂರರಲ್ಲಿ ಸುಮಾರು ಮೂವತ್ತು

ಗದಗಿನ ಕಡೆಯ ಒಂದು ಆಸ್ಪತ್ರೆಯಲ್ಲಿ ನೀಲಾಂಬಿಕೆ ಎಂಬ ಹೆಂಗಸು ಕೆಲಸಕ್ಕಿದ್ದಳು. ಅಲ್ಲಿನ ದೊಡ್ಡ ಡಾಕ್ಟರು ಅಸ್ಸಾಮಿನವರು, ಬರುವಾ ಎಂದು ಹೆಸರು. ಅವರಿಗೆ ಕನ್ನಡ ಬರುತ್ತಿರಲಿಲ್ಲ. ರೋಗಿಗಳ ಮನೆಯವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಡಾಕ್ಟರು ಹೇಳಿದ್ದನ್ನು ಇವರಿಗೆ, ಇವರು ಕೇಳಿದ್ದನ್ನು ಡಾಕ್ಟರಿಗೆ ದಾಟಿಸುವುದು ನೀಲಾಂಬಿಕೆಯ ಕೆಲಸ.

ಅವಳಿಗೆ ನಲವತ್ತೆಂಟು ವರ್ಷ. ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇದ್ದಳು. ಎರಡೇ ರೊಟ್ಟಿಗೆಂದು ಹಿಟ್ಟು ನಾದುವುದು ಎಂಥ ಬೇಸರದ ಕೆಲಸ ಎಂಬುದು ಒಬ್ಬರೇ ಇರುವವರಿಗೆ ಗೊತ್ತು. ಭಾನುವಾರ ಬೆಳಗಿನಿಂದ ಸಂಜೆಯವರೆಗೆ ಯಾರೊಂದಿಗೂ ಒಂದು ಮಾತಾಡದೆ ಅವಳು ದಿನ ಕಳೆದದ್ದುಂಟು.

ಡಾಕ್ಟರು ಎಂದೂ ‘ಗುಣವಾಗುತ್ತದೆ’ ಎಂದಾಗಲಿ ‘ಆಗುವುದಿಲ್ಲ’ ಎಂದಾಗಲಿ ಹೇಳಿದವರಲ್ಲ. ‘ಅರೌಂಡ್ ಸಿಕ್ಸ್ಟಿ ಪರ್ಸೆಂಟ್’ ಎನ್ನುವರು. ‘ಜಸ್ಟ್ ಅಂಡರ್ ಫಿಫ್ಟಿ’ ಎನ್ನುವರು. ಮೊದಮೊದಲು ನೀಲಾಂಬಿಕೆ ಅದನ್ನು ಇದ್ದ ಹಾಗೆಯೇ ಹೇಳಿ ನೋಡಿದಳು. ಮನೆಯವರು ಸಿಡುಕುತ್ತಿದ್ದರು.

“ಸುಮಾರು ಅಂದ್ರ ಏನ್ರಿ? ಆಗ್ತೈತೋ ಇಲ್ಲೋ, ಒಂದ ಮಾತು ಹೇಳ್ರಿ!”

ಒಂದು ದಿನ ಡಾಕ್ಟರು ‘ಸುಮಾರು ಎಪ್ಪತ್ತು’ ಎಂದರು. ನೀಲಾಂಬಿಕೆ ‘ಸುಮಾರು’ ಬಿಟ್ಟಳು, ‘ಎಪ್ಪತ್ತು’ ಕೂಡ ಬಿಟ್ಟಳು. “ಆರಾಮ ಆಗ್ತಾರಂತ” ಎಂದುಬಿಟ್ಟಳು. ರೋಗಿ ಆರಾಮವಾಗಿಯೇ ಮನೆಗೆ ಹೋದ. ಅವನ ಅಕ್ಕ ಒಂದು ಡಬ್ಬಿ ಶೇಂಗಾ ಚಟ್ನಿ ಕಟ್ಟಿಕೊಟ್ಟು, “ನಿಮ್ಮ ಬಾಯಿ ಛಲೋ ಐತ್ರಿ” ಎಂದಳು. ಆ ಮಾತು ನೀಲಾಂಬಿಕೆಯ ಎದೆಯಲ್ಲಿ ಒಂದು ವಾರ ಉಳಿಯಿತು.

ಆಮೇಲೆ ಅವಳು ಅರವತ್ತಕ್ಕೂ ಹಾಗೆಯೇ ಹೇಳತೊಡಗಿದಳು. ಐವತ್ತಕ್ಕೂ ಹೇಳತೊಡಗಿದಳು. ನಿಜವಾದಾಗ ಜನ ಅವಳನ್ನು ಹೊಗಳಿದರು, ಸುಳ್ಳಾದಾಗ ತಮ್ಮ ಹಣೆಬರಹ ಹಳಿದುಕೊಂಡರು. ವಾರ್ಡಿನಲ್ಲಿ ಹೋದಲ್ಲೆಲ್ಲ “ಬರ್ರಿ ಅಕ್ಕಾರ, ಕುಂದರ್ರಿ, ಒಂದೀಟು ಚಾ ಕುಡೀರಿ” ಎನ್ನುವವರು ಇದ್ದರು. ಸುಳ್ಳು ಹೇಳುತ್ತಿದ್ದೇನೆ ಎಂದು ಅವಳಿಗೆ ಅನಿಸಲೇ ಇಲ್ಲ. ಧೈರ್ಯ ಕೊಡುತ್ತಿದ್ದೇನೆ ಎಂದುಕೊಂಡಳು.

ಹೀಗಿರುವಾಗ ಬೀರಪ್ಪ ಎಂಬ ಕಂಬಳಿ ನೇಯುವವನನ್ನು ಕರೆತಂದರು. ತಲೆಯೊಳಗೆ ರಕ್ತ ಸೋರಿತ್ತು. ಹೆಂಡತಿ ಮಾಳವ್ವ ಹಣೆಯ ತನಕ ಸೆರಗು ಎಳೆದುಕೊಂಡು ಬಾಗಿಲ ಬಳಿ ನಿಂತಿದ್ದಳು. ಡಾಕ್ಟರು ಪರೀಕ್ಷೆ ಮಾಡಿ ಬಂದು ಇಂಗ್ಲಿಷಿನಲ್ಲಿ ಹೇಳಿದರು: “ಉಳಿಯುವ ಸಾಧ್ಯತೆ ಸುಮಾರು ಮೂವತ್ತು ಪರ್ಸೆಂಟ್. ಬಹುಶಃ ಅದಕ್ಕೂ ತುಸು ಕಡಿಮೆ. ಬರಬೇಕಾದವರು ಇದ್ದರೆ ಬರಹೇಳಿ.”

“ಏನಂದ್ರಿ ಯಕ್ಕಾ?” ಎಂದಳು ಮಾಳವ್ವ.

ನೀಲಾಂಬಿಕೆ ಆ ಮುಖ ನೋಡಿದಳು. ಮೂವತ್ತು ಎಂಬ ಮಾತು ಬಾಯಿಗೆ ಬರಲಿಲ್ಲ.

“ಆರಾಮ ಆಗ್ತಾರಂತ” ಎಂದಳು.

ಮಾಳವ್ವ ಅವಳ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ನೀಲಾಂಬಿಕೆಯ ಕೈಯನ್ನು ಹಾಗೆ ಯಾರಾದರೂ ಹಿಡಿದು ಎಷ್ಟೋ ವರ್ಷವಾಗಿತ್ತು.

ಆಮೇಲೆ ಮಾಳವ್ವ ಕೇಳಿದಳು: “ಇವರಿಗೆ ಒಬ್ಬ ಅಣ್ಣ ಅದಾರ್ರಿ. ಅಮೋಗೆಪ್ಪ ಅಂತ. ಕುರಿ ಹೊಡ್ಕೊಂಡು ಭೀಮಾ ಹೊಳಿ ದಂಡಿಮ್ಯಾಲೆ ಇರ್ತಾರ. ಹನ್ನೊಂದು ವರ್ಷಾತು, ಇಬ್ರಿಗೂ ಮಾತಿಲ್ಲ. ಫೋನ್ ಹಚ್ಚಲೇನ್ರಿ?”

ಹಚ್ಚು ಎಂದರೆ ಈಗಷ್ಟೇ ಹೇಳಿದ್ದು ಸುಳ್ಳಾಗುತ್ತಿತ್ತು.

“ಅವಸರ ಏನೈತಿ? ಎದ್ದು ಮನಿಗೆ ಹೋದಮ್ಯಾಲೆ ಅವರೇ ಮಾತಾಡ್ತಾರ ತಗೋ” ಎಂದಳು ನೀಲಾಂಬಿಕೆ.

ಮೂರನೆಯ ದಿನ ಮಧ್ಯಾಹ್ನ ಬೀರಪ್ಪ ತೀರಿಕೊಂಡ.

ಮಾಳವ್ವ ಅಳುತ್ತ ಹೋದಳು. ನೀಲಾಂಬಿಕೆಯ ಕಡೆ ತಿರುಗಿಯೂ ನೋಡಲಿಲ್ಲ. ಎಂಟು ದಿನದ ಮೇಲೆ ಹೆಗಲ ಮೇಲೆ ಕಂಬಳಿ ಹೊದ್ದ ಒಬ್ಬ ಮುದುಕ ಆಸ್ಪತ್ರೆಗೆ ಬಂದ. ಅವನೇ ಅಮೋಗೆಪ್ಪ. ತಮ್ಮನನ್ನು ಮಣ್ಣು ಮಾಡುವ ಹೊತ್ತಿಗೂ ಅವನು ಬಂದು ಮುಟ್ಟಿರಲಿಲ್ಲ.

“ಡಾಕ್ಟರು ಖರೇನ ಏನಂದಿದ್ರವ್ವಾ?” ಎಂದು ಕೇಳಿದ.

ನೀಲಾಂಬಿಕೆ ಈ ಸಲ ಸುಳ್ಳು ಹೇಳಲಾರದೆ ಹೋದಳು. “ಇಂಥಾ ನೂರು ಮಂದ್ಯಾಗ ಸುಮಾರು ಮೂವತ್ತು ಮಂದಿ ಉಳೀತಾರ ಅಂದಿದ್ರು. ತುಸು ಕಡಿಮೀನ ಅಂದಿದ್ರು.”

ಮುದುಕ ಅಲ್ಲೇ ಬೆಂಚಿನ ಮೇಲೆ ಕುಳಿತ.

“ನಾವು ಕುರಿ ಕಾಯೋ ಮಂದಿ” ಎಂದ. “ಮಳಿ ಜೋರಾದ್ರ ನೂರು ಮರಿಯಾಗ ಎಷ್ಟು ಉಳೀತಾವ, ಎಷ್ಟು ಹೋಗ್ತಾವ ಅಂತ ನಮ್ಮವ್ವಗೂ ಗೊತ್ತಿತ್ತು. ನನಗ ಅಷ್ಟು ತಿಳೀತಿತ್ತವ್ವಾ. ಅಷ್ಟ ಹೇಳಿದ್ರ ಬರ್ತಿದ್ದೆ.”

ಬೈಯಲಿಲ್ಲ. ಕಂಬಳಿ ಸರಿಮಾಡಿಕೊಂಡು ಹೊರಟುಹೋದ. ಅವನು ಬೈದಿದ್ದರೆ ಒಳ್ಳೆಯದಿತ್ತು ಎಂದು ನೀಲಾಂಬಿಕೆಗೆ ಅನಿಸಿತು.

ಅವಳು ನೇರ ಡಾಕ್ಟರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನನಗೆ ಹೇಳಲು ಹೆದರಿಕೆ, ಅದಕ್ಕೇ ‘ಅರೌಂಡ್’ ಎನ್ನುತ್ತೇನೆ ಎಂದುಕೊಂಡಿದ್ದೀರಾ?” ಎಂದು ಕೇಳಿದರು. “ಅಲ್ಲ. ನನಗೆ ಎಷ್ಟು ಗೊತ್ತೋ ಅಷ್ಟನ್ನೇ ಆ ಪದ ಹೇಳುತ್ತದೆ. ‘ಅರೌಂಡ್ ಥರ್ಟಿ’ ಎಂದರೆ ಇಪ್ಪತ್ತೈದೂ ಇರಬಹುದು, ಮೂವತ್ತೈದೂ ಇರಬಹುದು. ‘ಅಟ್ ಬೆಸ್ಟ್ ಥರ್ಟಿ’ ಎಂದರೆ ಅದಕ್ಕಿಂತ ಹೆಚ್ಚಿನ ಆಸೆ ಇಟ್ಟುಕೊಳ್ಳಬೇಡಿ ಎಂದು. ‘ಅಟ್ ಲೀಸ್ಟ್ ಥರ್ಟಿ’ ಎಂದರೆ ಅದಕ್ಕಿಂತ ಹೆಚ್ಚೂ ಇದ್ದೀತು. ಮೂರರಲ್ಲೂ ಮೂವತ್ತೇ ಇದೆ. ಆದರೆ ಮನೆಯವರು ಮಾಡಬೇಕಾದ್ದು ಮೂರು ಬೇರೆ ಬೇರೆ.”

ನೀಲಾಂಬಿಕೆ ಆ ದಿನ ಒಂದು ನೋಟುಪುಸ್ತಕದಲ್ಲಿ ಡಾಕ್ಟರು ಆಡುವ ಅಂಥ ಮಾತುಗಳನ್ನೆಲ್ಲ ಬರೆದುಕೊಂಡಳು. ಪಕ್ಕದಲ್ಲಿ ಜನ ಆಡುವ ಮಾತು ಬರೆದಳು. ಹೆಚ್ಚಂದ್ರ. ಕಡಿಮಿ ಅಂದ್ರೂ. ಹತ್ರ ಹತ್ರ. ತುಸು ಒಳಗ. ‘ಪರ್ಸೆಂಟ್’ ಎಂಬಲ್ಲಿ ‘ನೂರು ಮಂದ್ಯಾಗ’ ಎಂದು ಬರೆದಳು. ಎಲ್ಲ ಮಾತೂ ನಮ್ಮಲ್ಲಿ ಇದ್ದವು. ಅವಳು ಹೇಳಿರಲಿಲ್ಲ, ಅಷ್ಟೇ.

ಒಂದು ತಿಂಗಳ ಮೇಲೆ ದಾವಲಸಾಬ ಎಂಬ ಬಳೆಗಾರ ತನ್ನ ಹೆಂಡತಿ ಜೈತುನಬಿಯನ್ನು ಕರೆತಂದ. ಜ್ವರ ಮಿದುಳಿಗೆ ಏರಿ ಅವಳಿಗೆ ಎಚ್ಚರವೇ ಇರಲಿಲ್ಲ. ಡಾಕ್ಟರು, “ಅಟ್ ಬೆಸ್ಟ್ ಫಾರ್ಟಿ ಪರ್ಸೆಂಟ್” ಎಂದರು.

ದಾವಲಸಾಬ ನೀಲಾಂಬಿಕೆಗೆ ಕೈಮುಗಿದ. “ಅಕ್ಕಾರ, ಆರಾಮ ಆಗ್ತಾಳ ಅನ್ರಿ. ನಿಮ್ಮ ಬಾಯಾಗ ಬಂದ್ರ ಆಗ್ತೈತಂತ ಇಲ್ಲಿ ಎಲ್ಲಾರೂ ಅಂತಾರ.”

ಸುತ್ತ ನಾಲ್ಕಾರು ಜನ ಅವಳ ಬಾಯನ್ನೇ ನೋಡುತ್ತಿದ್ದರು. ನೀಲಾಂಬಿಕೆ ದಾವಲಸಾಬನ ಕಡೆ ತಿರುಗಿದಳು.

“ಅಣ್ಣಾ, ಇಂಥಾ ನೂರು ಮಂದಿ ಬಂದ್ರ ಹೆಚ್ಚಂದ್ರ ನಾಲ್ವತ್ತು ಮಂದಿ ಮನಿಗೆ ಹೋಗ್ತಾರಂತ. ಉಳಿದವರು ಹೋಗಂಗಿಲ್ಲ. ಇವರು ಯಾವ ಕಡೀಗೆ ಅಂತ ಡಾಕ್ಟರಿಗೂ ಗೊತ್ತಿಲ್ಲ. ಬರೋರು ಯಾರರ ಇದ್ರ ಇವತ್ತ ಕರಸ್ರಿ.”

ದಾವಲಸಾಬನ ಮುಖ ಕಪ್ಪಿಟ್ಟಿತು. “ಒಂದು ಒಳ್ಳೇ ಮಾತಾಡಾಕ ನಿಮಗೇನ ಗಂಟು ಹೋಗ್ತಿತ್ತು?” ಎಂದು ಕೂಗಿದ. ಹಾಸಿಗೆಯ ಹತ್ತಿರ ಅವಳು ಬಂದರೆ ಮುಖ ತಿರುಗಿಸಿದ. ಆದರೂ ಅಂದೇ ಕುಕನೂರಿಗೆ ಫೋನ್ ಹಚ್ಚಿ ಹೆಂಡತಿಯ ತಾಯಿಯನ್ನು ಕರೆಸಿದ.

ವಾರ್ಡಿನಲ್ಲಿ ಸುದ್ದಿ ಹಬ್ಬಿತು. ಅವಳಿಗೆ ‘ಸುಮಾರಕ್ಕ’ ಎಂದು ಹೆಸರಿಟ್ಟರು. ಚಾ ಕುಡೀರಿ ಎನ್ನುವವರು ಇಲ್ಲವಾದರು. ಅವಳು ಬಂದರೆ ಮಾತು ನಿಲ್ಲಿಸಿ ಬೇರೆ ಕಡೆ ನೋಡುತ್ತಿದ್ದರು. ಮಧ್ಯಾಹ್ನ ಅವಳು ಕ್ವಾರ್ಟರ್ಸಿಗೆ ಹೋಗಿ, ಬಾಗಿಲು ಮುಚ್ಚಿಕೊಂಡು, ಒಬ್ಬಳೇ ಉಂಡು ಬರುತ್ತಿದ್ದಳು.

ಜೈತುನಬಿ ಉಳಿದಳು.

ಹತ್ತನೆಯ ದಿನ ತಾಯಿಯ ಕೈ ಹಿಡಿದುಕೊಂಡು ನಡೆದೇ ಹೊರಗೆ ಬಂದಳು. ದಾವಲಸಾಬ ನೀಲಾಂಬಿಕೆಯ ಮೇಜಿನ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ: “ನೋಡ್ರಿ, ನೀವು ಅಂದಂಗ ಆಗಲಿಲ್ಲ. ನಿಮ್ಮ ಮಾತು ಸುಳ್ಳಾತು!”

ಅವಳ ಮಾತು ಸುಳ್ಳಾಗಿರಲಿಲ್ಲ. ನೂರರಲ್ಲಿ ಹೆಚ್ಚೆಂದರೆ ನಲವತ್ತು ಮಂದಿ ಮನೆಗೆ ಹೋಗುತ್ತಾರೆ ಎಂದು ಅವಳೇ ಹೇಳಿದ್ದಳು. ಜೈತುನಬಿ ಅವರಲ್ಲಿ ಒಬ್ಬಳು. ಅದನ್ನು ಬಿಡಿಸಿ ಹೇಳಲು ನೀಲಾಂಬಿಕೆ ಬಾಯಿ ತೆರೆದಳು. ಆದರೆ ಅವನ ಮುಖದಲ್ಲಿ ಸಂತೋಷ ತುಂಬಿ ತುಳುಕುತ್ತಿತ್ತು.

“ಛಲೋ ಆತಣ್ಣಾ” ಎಂದಳು. “ಹುಷಾರಾಗಿ ಕರ್ಕೊಂಡು ಹೋಗ್ರಿ.”

ಆ ಮುದಿ ತಾಯಿ ಮಗಳ ಸೆರಗು ಸರಿಪಡಿಸುತ್ತ ಮುಂದೆ ಹೋದಳು. ಹತ್ತು ದಿನ ಮಗಳ ತಲೆದೆಸೆಯಲ್ಲಿ ಕೂರುವ ಹಾಗಾದದ್ದು ಯಾರ ಮಾತಿನಿಂದ ಎಂದು ಅವಳಿಗೆ ಗೊತ್ತಿರಲಿಲ್ಲ. ಯಾರೂ ಹೇಳಲೂ ಇಲ್ಲ. ಮೂವರೂ ಗೇಟು ದಾಟಿ, ರಿಕ್ಷಾ ಹತ್ತಿ ಹೋದರು. ನೀಲಾಂಬಿಕೆ ಅದು ಮರೆಯಾಗುವ ತನಕ ನೋಡಿದಳು.

ಅಷ್ಟರಲ್ಲಿ ಒಳಗಿನಿಂದ ಡಾಕ್ಟರು ಕರೆದರು. ಹೊಸ ರೋಗಿ ಬಂದಿದ್ದ. ಅವನ ಮಗಳು ಗೋಡೆಗೆ ಒರಗಿ ನಿಂತಿದ್ದಳು. ನೀಲಾಂಬಿಕೆ ಅವಳ ಹತ್ತಿರ ಹೋದಳು, ಡಾಕ್ಟರು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡಳು, ಒಂದು ಮಾತೂ ಕೂಡಿಸದೆ, ಒಂದು ಮಾತೂ ಬಿಡದೆ ಹೇಳಿದಳು. ಆ ಹುಡುಗಿ ಇವಳ ಕೈ ಹಿಡಿಯಲಿಲ್ಲ. ಕಣ್ಣೊರೆಸಿಕೊಂಡು, ಯಾರಿಗೋ ಫೋನ್ ಹಚ್ಚಲು ಹೊರಗೆ ಹೋದಳು.

ನೀತಿ: ಗೊತ್ತಿಲ್ಲದ್ದನ್ನು ಗೊತ್ತು ಎಂದು ಹೇಳಿ ಪಡೆದ ಪ್ರೀತಿ ನಮ್ಮದಲ್ಲ. ‘ಸುಮಾರು’ ಎಂಬ ಮಾತು ಕೇಳುವವರಿಗೆ ರುಚಿಸಲಿಕ್ಕಿಲ್ಲ, ಹೇಳಿದವರು ಒಂಟಿಯಾಗಲೂಬಹುದು. ಆದರೂ ಅದನ್ನು ನುಂಗಬಾರದು. ಅದನ್ನು ನುಂಗಿದರೆ, ಇನ್ನೊಬ್ಬರಿಗೆ ಉಳಿದಿರುವ ಕೊನೆಯ ಹೊತ್ತನ್ನೂ ನುಂಗಿದ ಹಾಗೆ.