ಗಾಯ ಮಾಯಿಸಿದವನು

“ಹೊಂಬಳ್ಳಿಯ ಸಮಸ್ತರೂ ಕೇಳಿ! ರಾಜಕುಮಾರಿ ಮಲ್ಲಾಜಮ್ಮಣ್ಣಿಯವರು ಅಜ್ಜನ ಲೇತಿನ ಮನೆಯಲ್ಲಿ ಮೂರು ಒಗಟು ಹಾಕುತ್ತಾರೆ. ಬಿಡಿಸಿದವನು ಕೇಳಿದ್ದು ಕೊಡಲಾಗುವುದು, ಅಮ್ಮಣ್ಣಿ ಒಪ್ಪಿದರೆ ಮದುವೆಯೂ ಉಂಟು. ತಪ್ಪಿದವರಿಗೆ ಸೆರೆ, ಅಮಾವಾಸ್ಯೆಯ ದಿನ ತಲೆದಂಡ. ಅಷ್ಟರೊಳಗೆ ಯಾರಾದರೂ ಬಿಡಿಸಿದರೆ ಸೆರೆಯಲ್ಲಿದ್ದವರಿಗೆಲ್ಲ ಬಿಡುಗಡೆ!”

ಡಂಗುರ ಕೇಳಿ ಅರಮನೆಯ ದೀಪ ಹಚ್ಚುವ ಜವರಪ್ಪ ಕಂಬದ ಮರೆಗೆ ಸರಿದ. ಲೇತಿನ ಮನೆ ಎಂದರೆ ಸಾಕು, ಅವನು ನಾಚಿಕೆಯಿಂದ ಹಿಡಿಯಾಗುತ್ತಿದ್ದ.

ಆಗದೆ ಇನ್ನೇನು? ರಾಜಕುಮಾರಿಯ ಅಜ್ಜ ಕಂಚು, ಕಬ್ಬಿಣದ ಸಲಾಕೆ ತಿರುಗಿಸಿ ಉಳಿಯಿಂದ ಕಡೆಯುತ್ತಿದ್ದ ಆ ಲೇತು ಯಂತ್ರ, ಅಜ್ಜ ಹೋದ ಮೇಲೆ ತುಕ್ಕು ಹಿಡಿದು ಬಿದ್ದಿತ್ತು. “ನಾನು ಸರಿಮಾಡ್ತೀನಿ ಬುದ್ಧಿ” ಎಂದು ದೊರೆಯ ಮುಂದೆ ಕೊಚ್ಚಿಕೊಂಡವನು ಈ ಜವರಪ್ಪನೇ. ಲೇತಿನ ಗಂಧಗಾಳಿ ಗೊತ್ತಿರಲಿಲ್ಲ ಪುಣ್ಯಾತ್ಮನಿಗೆ. ಉಳಿ ಹೊತ್ತ ಪೀಠ ಹಿಂದೆ ಮುಂದೆ ಜಾರುವ ಉದ್ದನೆಯ ಹಾಸಿನ ತುಂಬ ಸಣ್ಣ ಸಣ್ಣ ಗೀರುಗಳಿದ್ದವು. ಯಾರೋ ಗೀಚಿ ಹಾಳುಮಾಡಿದ್ದಾರೆ ಅಂದುಕೊಂಡು ಮರಳುಗಲ್ಲು ಹಿಡಿದು ಉಜ್ಜಿದ್ದೇ ಉಜ್ಜಿದ್ದು. ಹಾಸು ಫಳಫಳ ಹೊಳೆಯಿತು, ದೊರೆ ಮೆಚ್ಚಿ ಶಾಲು ಹೊದಿಸಿದರು. ಲೇತು ಸ್ವಲ್ಪ ದಿನ ಓಡಿದಂತೆ ಮಾಡಿ, ಪೀಠ ಹಾಸನ್ನೇ ಕಚ್ಚಿಕೊಂಡು ನಿಂತುಬಿಟ್ಟಿತು.

ಎಷ್ಟು ಎಣ್ಣೆ ಹಾಕಿದರೂ ಸೋರಿಹೋಗುತ್ತಿತ್ತು. ಅವನು ಉಜ್ಜದೆ ಬಿಟ್ಟ ಒಂದು ಮೂಲೆಯಲ್ಲಿ ಮಾತ್ರ ಗೀರುಗಳೊಳಗೆ ಎಣ್ಣೆ ನಿಂತಿತ್ತು. ಎಣ್ಣೆ ನಿಲ್ಲಲೆಂದೇ ಅಜ್ಜ ಕೂತು ಕೆರೆದ ಗೀರುಗಳವು ಎಂದು ಆಗ ತಿಳಿಯಿತು. “ಹಳೇದಲ್ವಾ, ಅದಕ್ಕೇ ನಿಂತಿದೆ” ಎಂದರು ಎಲ್ಲರೂ. ಜವರಪ್ಪ ಹೂಂ ಎಂದುಬಿಟ್ಟ.

ಒಗಟಿನ ದಿನ ಮೊದಲು ಬಂದವನು ಪಾಳೆಯಗಾರ ವೀರಭದ್ರನಾಯಕ. ರಾಜಕುಮಾರಿ ಕೇಳಿದಳು: “ತಾನು ನೆಟ್ಟಗೆ ನಡೆಯುತ್ತದೆ, ತನ್ನನ್ನು ಮುಟ್ಟಿದ್ದನ್ನೆಲ್ಲ ಉರುಟು ಮಾಡುತ್ತದೆ. ಏನದು?”

“ಹೊಳೆ. ಕಲ್ಲನ್ನೆಲ್ಲ ಉರುಟು ಮಾಡುತ್ತೆ” ಎಂದ ನಾಯಕ.

“ಹೊಳೆ ಯಾವತ್ತು ನೆಟ್ಟಗೆ ಹರಿದಿದೆ ನಾಯಕರೇ?” ಅವನನ್ನು ಸೆರೆಗೆ ಒಯ್ದರು.

ಎರಡನೆಯವನು ಜವಳಿ ಸಾಹುಕಾರರ ಮಗ ಪುಟ್ಟನಂಜಪ್ಪ. ಸುತ್ತ ಕಣ್ಣಾಡಿಸಿ “ಉಳಿ” ಎಂದು ಮೊದಲನೆಯದನ್ನು ಗೆದ್ದ. “ಎರಡೂ ತುದಿ ಬಿಗಿಹಿಡಿದರೆ ನಗುನಗುತ್ತ ತಿರುಗುತ್ತದೆ, ಒಂದು ತುದಿ ಬಿಟ್ಟರೆ ಯಜಮಾನನ ಹಲ್ಲು ಉದುರಿಸುತ್ತದೆ” ಎಂದು ರಾಜಕುಮಾರಿ ಎರಡನೆಯದನ್ನು ಕೇಳಿದಾಗ “ಗಾಣದ ಎತ್ತು” ಎಂದ. ಅವನೂ ಸೆರೆ ಸೇರಿದ.

ಬಂದವರೆಲ್ಲ ಹೀಗೇ ಸೋತರು. ಅಮಾವಾಸ್ಯೆ ಬಂತು. ಸೆರೆಯಲ್ಲಿದ್ದವರನ್ನು ಲೇತಿನ ಮನೆಯ ಅಂಗಳಕ್ಕೆ ಎಳೆತಂದರು. ಪುಟ್ಟನಂಜಪ್ಪ ಎಳೆಮಗುವಿನಂತೆ ಅಳುತ್ತಿದ್ದ. ದೀಪ ಹಚ್ಚಲು ಬಂದು ಒಗಟು ಕೇಳಿದಾಗಲೇ ಉತ್ತರ ಹೊಳೆದಿದ್ದ ಜವರಪ್ಪನಿಗೆ ಇನ್ನು ತಡೆಯಲಾಗಲಿಲ್ಲ. ಬಾಯಿ ಬಿಟ್ಟರೆ ಮಾನ ಹೋಗುತ್ತೆ, ಬಿಡದಿದ್ದರೆ ಇಷ್ಟು ಜನರ ತಲೆ ಹೋಗುತ್ತೆ. ಜನರನ್ನು ಸರಿಸಿ, ಲೇತಿನ ಬಳಿ ಕೂತಿದ್ದ ರಾಜಕುಮಾರಿಯ ಮುಂದೆ ಬಂದ.

“ಮೊದಲನೆಯದು ಉಳಿ, ಅಮ್ಮಣ್ಣಿ. ಎರಡನೆಯದು ಲೇತಿಗೆ ಕಟ್ಟಿದ ಸಲಾಕೆ.” ತುಟಿ ಎತ್ತಿ ಹಲ್ಲಿಲ್ಲದ ಸಂದು ತೋರಿಸಿದ. “ಓಡಿಸಿ ನೋಡುವಾಗ ಒಂದು ತುದಿ ಬಿಗಿಯೋದು ಮರೆತಿದ್ದೆ, ಹಾರಿ ಬಾಯಿಗೆ ಬಡೀತು. ಮೆಟ್ಟಿಲಿಂದ ಬಿದ್ದೆ ಅಂತ ಎಲ್ಲರಿಗೂ ಸುಳ್ಳು ಹೇಳಿದ್ದೆ.”

ಯಾರೂ ನಗಲಿಲ್ಲ. ರಾಜಕುಮಾರಿ ಮೂರನೆಯದನ್ನು ಕೇಳಿದಳು: “ಒಬ್ಬ ಅಜ್ಜನ ಮೈತುಂಬ ಗಾಯ. ಗಾಯ ಇರುವಷ್ಟು ದಿನ ಗಟ್ಟಿಮುಟ್ಟಾಗಿದ್ದ. ಗಾಯ ಮಾಯಿಸಿದವನೇ ಅವನನ್ನು ಕೊಂದ. ಅಜ್ಜ ಯಾರು, ಕೊಂದವನು ಯಾರು?”

“ಅಜ್ಜ ಈ ಲೇತಿನ ಹಾಸು. ಗಾಯ ಅಂದರೆ ಎಣ್ಣೆ ಹಿಡಿದಿಡ್ತಿದ್ದ ಗೀರುಗಳು.” ಜವರಪ್ಪ ನೆಲ ನೋಡಿದ. “ಉಜ್ಜಿ ಕೊಂದವನು ನಾನು. ಶಾಲೂ ಹೊದ್ದುಕೊಂಡೆ.”

ದೊರೆ ಸೆರೆಯವರ ಹಗ್ಗ ಬಿಚ್ಚಿಸಿದರು. ಬದುಕಿದವರು ಜವರಪ್ಪನ ಕೈ ಹಿಡಿದುಕೊಳ್ಳಲು ಬಂದರೆ ಅವನು ಮುಖ ಮುಚ್ಚಿಕೊಂಡ.

“ಏನು ಬೇಕೋ ಕೇಳಪ್ಪ” ಎಂದರು ದೊರೆ.

“ಯಾರೂ ನನ್ನನ್ನ ಹೊಗಳೋದು ಬೇಡ ಬುದ್ಧಿ. ಇದನ್ನ ಸರಿಯಾಗಿ ಕಲಿಸೋರು ಬೇಕು.”

“ಅಜ್ಜ ನನಗೆ ಕಲಿಸಿದ್ದಾರೆ” ಎಂದಳು ರಾಜಕುಮಾರಿ. “ನಾನು ಹಾಸನ್ನು ಮುಟ್ಟಿ ನೋಡಿದ ದಿನವೇ ಇದು ನಿನ್ನ ಕೆಲಸ ಅಂತ ಗೊತ್ತಾಗಿತ್ತು. ನೀನಾಗೇ ಹೇಳ್ತೀಯ ಅಂತ ಈ ಒಗಟು ಹಾಕಿ ಕಾದೆ.” ಮದುವೆಯ ಮಾತೆತ್ತಿದ ದೊರೆಗೆ, ಮೊದಲು ಲೇತು ಓಡಲಿ ಅಪ್ಪಾಜಿ ಎಂದು ಹೇಳಿ, ಕೆರೆಯುವ ಉಳಿಯನ್ನು ಜವರಪ್ಪನ ಕೈಗಿಟ್ಟಳು.

ಎಲ್ಲರೂ ನೋಡುತ್ತಿರುವಾಗಲೇ ಅವನು ಹಾಸಿನ ಮೇಲೆ ಒಂದು ಗೀರು ಎಳೆದ. ಅವಳು ಬಗ್ಗಿ ಅದರ ಮೇಲೆ ಬೆರಳಾಡಿಸಿದಳು.

“ಇದು ಆಳ ಆಯ್ತು” ಎಂದಳು. “ಇನ್ನೊಂದು ಎಳಿ.”