ನೆರಳು ಇಲ್ಲವಾಗುವ ಮಧ್ಯಾಹ್ನ

ಲೋಕ ಆಗಿನ್ನೂ ಹೊಸತು. ಹೊಳೆಗಳಿಗೆ ತಮ್ಮ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಬೆಟ್ಟಗಳ ಮೈ ಇನ್ನೂ ಬೆಚ್ಚಗಿತ್ತು. ಸೂರ್ಯನಿಗೆ ಇದ್ದದ್ದು ಒಂದೇ ರೂಢಿ: ಬೆಳಿಗ್ಗೆ ಮೂಡಣದಲ್ಲಿ ಏಳುವುದು, ಸಂಜೆ ಪಡುವಣದಲ್ಲಿ ಇಳಿಯುವುದು. ನಡುವೆ ಯಾವ ಜಾಗದ ಮೇಲೆ ಹಾದುಹೋಗಬೇಕು ಎಂಬುದಕ್ಕೆ ನಿಯಮವಿರಲಿಲ್ಲ. ಮನಸ್ಸಾದರೆ ತೆಂಕಣ ದಾರಿ, ಇಲ್ಲವಾದರೆ ಬಡಗಣ ದಾರಿ.

ಆ ಕಾಲದಲ್ಲಿ ಒಂದು ಹೊಳೆಯ ನಡುವಿನ ಕಲ್ಲುದಿಬ್ಬದ ಮೇಲೆ ಟಿಟ್ಟವ್ವ ಎಂಬ ಟಿಟ್ಟಿಭ ಹಕ್ಕಿ ಮೊಟ್ಟೆಯಿಟ್ಟಿದ್ದಳು. ಗೂಡಿಲ್ಲ, ಮರವಿಲ್ಲ. ಬರೀ ಕಲ್ಲು, ಕಲ್ಲಿನ ಬಣ್ಣದ್ದೇ ಮೊಟ್ಟೆ.

ಆ ಹೊಳೆಯ ನೀರಿನಲ್ಲಿ ಮುಖ ನೋಡಿಕೊಳ್ಳುವುದು ಸೂರ್ಯನಿಗೆ ಇಷ್ಟವಾಯಿತು. ದಿನವೂ ಅದೇ ದಾರಿ ಹಿಡಿದ. ಮಧ್ಯಾಹ್ನವಾದರೆ ದಿಬ್ಬದ ನೆತ್ತಿಗೇ ಬರುತ್ತಿದ್ದ. ಕಲ್ಲುಗಳು ಕಾದವು. ಟಿಟ್ಟವ್ವ ಹೊಳೆಗೆ ಓಡುವಳು, ಹೊಟ್ಟೆ ಒದ್ದೆ ಮಾಡಿಕೊಂಡು ಬಂದು ಮೊಟ್ಟೆಗಳ ಮೇಲೆ ಕೂರುವಳು. ಮತ್ತೆ ಓಡುವಳು, ಮತ್ತೆ ಕೂರುವಳು.

"ನನ್ನಲ್ಲೂ ನೀರು ತಳ ಸೇರಿತು ತಾಯೀ," ಎಂದಿತು ಹೊಳೆ. "ಅವನಿಗೇ ಹೇಳಿ ನೋಡು."

ಟಿಟ್ಟವ್ವ ಕತ್ತೆತ್ತಿದಳು. "ಸೂರ್ಯಣ್ಣ, ನಿನಗೆ ಬೇರೆ ದಾರಿಯೇ ಇಲ್ಲವಾ? ನನ್ನ ಮಕ್ಕಳು ಚಿಪ್ಪಿನೊಳಗೇ ಬೇಯುತ್ತವೆ."

ಸೂರ್ಯ ಕೆಟ್ಟವನಲ್ಲ. "ಮೊದಲೇ ಹೇಳಬಾರದಿತ್ತಾ ತಂಗಿ," ಎಂದು ಮರುದಿನವೇ ತೆಂಕಣಕ್ಕೆ ಹೊರಟ. ಹೊರಟವನು ನಿಲ್ಲಲೇ ಇಲ್ಲ. ಕಡಲು ದಾಟಿ, ಹಿಮ ಕಾಣುವವರೆಗೂ ಹೋದ.

ದಿಬ್ಬದ ಮೇಲೆ ಚಳಿ ಬಿತ್ತು. ಟಿಟ್ಟವ್ವ ರೆಕ್ಕೆಯಗಲಿಸಿ ಮೊಟ್ಟೆಗಳನ್ನು ಅಪ್ಪಿ ಕೂತಳು. ಒಳಗಿನ ಮರಿಗಳ ಮಿಸುಕಾಟ ನಿಧಾನವಾಯಿತು. ಇನ್ನೂ ತಡವಾದರೆ ಅದು ನಿಂತೇಹೋಗುತ್ತದೆ ಎಂದು ಅವಳಿಗೆ ಗೊತ್ತಾಯಿತು.

"ವಾಪಸ್ ಬಾ ಅಣ್ಣ," ಎಂದು ಕೂಗಿದಳು. ಗಾಳಿ ಆ ಕೂಗನ್ನು ಹೊತ್ತೊಯ್ದು, ಸೂರ್ಯನ ಮಾತನ್ನು ಹೊತ್ತು ತಂದಿತು.

"ಎಲ್ಲಿಗೆ ಬರಲಿ?"

"ಹೊಳೆಯ ನಡುವಿನ ದಿಬ್ಬಕ್ಕೆ."

"ಲೆಕ್ಕವಿಲ್ಲದಷ್ಟು ಹೊಳೆಗಳಿವೆ."

"ಬೂದು ಕಲ್ಲಿನ ದಿಬ್ಬ."

"ಇಲ್ಲಿಂದ ಎಲ್ಲವೂ ಬೂದು ಚುಕ್ಕಿಯೇ. ನಿನ್ನ ಚುಕ್ಕಿ ಯಾವುದು?"

ಟಿಟ್ಟವ್ವ ದಿಬ್ಬದ ಸುತ್ತ ಒಮ್ಮೆ ಕಣ್ಣು ಹಾಯಿಸಿದಳು. ತಾನಿರುವ ಜಾಗ ತನಗೇನೋ ಗೊತ್ತು. ಅದನ್ನು ದೂರದಲ್ಲಿರುವವನಿಗೆ ಹೇಳುವುದು ಹೇಗೆ?

ಆಗ ಅವಳ ಕಾಲ ಬಳಿ ಯಾರೋ ನಕ್ಕರು. ಅವಳ ನೆರಳು. ಬಡಗಣಕ್ಕೆ ಉದ್ದಕ್ಕೂ ಚಾಚಿ ಮಲಗಿತ್ತು.

"ಮಧ್ಯಾಹ್ನದ ಹೊತ್ತಲ್ಲಿ ನಾನು ಇಷ್ಟುದ್ದ ಯಾವತ್ತೂ ಇರಲಿಲ್ಲ ನೋಡು. ಅವನು ದೂರ ಹೋದಷ್ಟೂ ನಾನು ಬೆಳೆಯುತ್ತೇನೆ."

"ಹತ್ತಿರ ಬಂದರೆ?"

"ಕುಗ್ಗುತ್ತೇನೆ."

"ನೆತ್ತಿಗೇ ಬಂದರೆ?"

ನೆರಳಿನ ನಗು ನಿಂತಿತು. "ಆಗ ಎಲ್ಲಿರುತ್ತೇನೋ ನನಗೇ ಗೊತ್ತಿಲ್ಲ."

ಟಿಟ್ಟವ್ವ ತೆಂಕಣಕ್ಕೆ ತಿರುಗಿ ಕೂಗಿದಳು. "ಅಣ್ಣ, ನನ್ನ ನೆರಳು ನಿನಗೆ ಕಾಣುತ್ತದಾ?"

"ನೆರಳಾ? ಅದ್ಯಾವುದು? ನಾನು ಈವರೆಗೆ ಒಂದನ್ನೂ ಕಂಡಿಲ್ಲ."

ಅವನು ಸುಳ್ಳು ಹೇಳಲಿಲ್ಲ. ಅವನು ನೋಡಿದಲ್ಲೆಲ್ಲ ಬೆಳಕೇ ಇರುತ್ತದೆ.

"ಹಾಗಾದರೆ ನಾನು ನೋಡಿ ಹೇಳುತ್ತೇನೆ. ನೀನು ದಿನಕ್ಕೆ ಸ್ವಲ್ಪ ಸ್ವಲ್ಪ ಬಡಗಣಕ್ಕೆ ಸರಿ."

"ನಿನ್ನ ಮಕ್ಕಳಿಗಾಗಿ ನಾನು ಇಲ್ಲವಾಗಬೇಕಾ?" ಎಂದಿತು ನೆರಳು.

"ಒಂದು ಗಳಿಗೆ ಅಷ್ಟೇ. ಅವನನ್ನು ಇಲ್ಲಿ ಉಳಿಯಲು ಬಿಡುವುದಿಲ್ಲ."

"ಮತ್ತೆ ನೀರು ನೋಡುತ್ತಾ ಉಳಿದರೆ?"

"ಬೈದು ಕಳಿಸುತ್ತೇನೆ."

ನೆರಳು ಮೊಟ್ಟೆಗಳ ಕಡೆ ನೋಡಿತು. "ಬೈಯುವುದರಲ್ಲಿ ನೀನೇನು ಕಮ್ಮಿಯಿಲ್ಲ ಬಿಡು," ಎಂದಿತು.

ಅಂದಿನಿಂದ ಪ್ರತಿ ಮಧ್ಯಾಹ್ನ ಟಿಟ್ಟವ್ವ ನೆಟ್ಟಗೆ ನಿಂತು ನೆರಳು ನೋಡಿದಳು. "ಇನ್ನೂ ಉದ್ದ ಇದೆ, ಬಾ." ಮರುದಿನ, "ಚೂರು ಕುಗ್ಗಿದೆ, ಬಾ." ಕಲ್ಲುಗಳು ಬೆಚ್ಚಗಾದವು. ಮರಿಗಳು ಮತ್ತೆ ಮಿಸುಕಿದವು.

ಒಂದು ಮಧ್ಯಾಹ್ನ ನೆರಳು ಕಾಲಡಿಗೆ ಸರಿದು, ಅಲ್ಲಿಯೂ ಕಾಣದಾಯಿತು.

"ಇದೇ ನಮ್ಮ ದಿಬ್ಬ. ಗುರುತಿಟ್ಟುಕೋ," ಎಂದಳು ಟಿಟ್ಟವ್ವ. "ನಾಳೆ ಮುಂದೆ ನಡಿ."

ಸೂರ್ಯ ನೀರಿನತ್ತ ಬಗ್ಗಿದ. "ಇನ್ನೊಂದೆರಡು ದಿನ..."

"ನಡಿ ಅಂದೆನಲ್ಲ."

ಮರುದಿನ ಸೂರ್ಯ ಬಡಗಣಕ್ಕೆ ಸರಿದ. ನೆರಳು ಅವಳ ಕಾಲಡಿಯಿಂದ ಮೆಲ್ಲಗೆ ಹೊರಬಂತು, ಈ ಸಲ ತೆಂಕಣದ ಕಡೆಗೆ. "ಓ, ಈ ಕಡೆಗೂ ಜಾಗವಿದೆ," ಎಂದಿತು. ಅವರಿಬ್ಬರೂ ನೋಡುತ್ತಿದ್ದಂತೆ ಮೊದಲ ಮೊಟ್ಟೆ ಬಿರಿಯಿತು.

ಸುದ್ದಿಯನ್ನು ಗಾಳಿ ಎಲ್ಲ ಕಡೆಗೂ ಹಬ್ಬಿಸಿತು. ಸೂರ್ಯನ ದಾರಿಯ ಕೆಳಗಿದ್ದ ಊರುಗಳೆಲ್ಲ ತಮ್ಮ ನೆರಳು ನೋಡಿ ಕೂಗಿ ಹೇಳಿದವು. ಬಡಗಣದಲ್ಲಿ ಒಂದು ಕಡೆ, "ಇಲ್ಲಿಗೆ ಸಾಕು, ಇನ್ನು ಮುಂದೆ ಬಂದರೆ ನಮ್ಮ ಹಿಮವೆಲ್ಲ ಕರಗೀತು," ಎಂಬ ಕೂಗು ಬಂತು. ಸೂರ್ಯ ಅಲ್ಲಿಂದ ಹಿಂದಿರುಗಿದ. ತೆಂಕಣದಲ್ಲೂ ಹಾಗೇ ಕೂಗಿದರು, ಅಲ್ಲಿಂದಲೂ ಹಿಂದಿರುಗಿದ. ಆ ಎರಡು ಎಲ್ಲೆಗಳ ನಡುವಿನ ಊರುಗಳ ನೆತ್ತಿಯನ್ನು ಅವನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ದಾಟುತ್ತಾನೆ.

ಅದಕ್ಕೇ ಮಗು, ಏಪ್ರಿಲ್ ಕೊನೆಯ ಹೊತ್ತಿಗೆ ಚಾಮರಾಜನಗರದ ಕಡೆ, ಮೇ ತಿಂಗಳಲ್ಲಿ ಬೀದರಿನ ಕಡೆ, ಆಗಸ್ಟ್ ಹೊತ್ತಿಗೆ ಅವನು ಮರಳಿ ಬರುವಾಗ ಮತ್ತೊಮ್ಮೆ, ಒಂದು ದಿನ ಮಧ್ಯಾಹ್ನದ ಬಿಸಿಲಿನಲ್ಲಿ ನೆಟ್ಟಗೆ ನಿಂತರೆ ನಿನ್ನ ನೆರಳು ನಿನಗೆ ಕಾಣುವುದಿಲ್ಲ. ನಿನ್ನ ಊರು ಎಲ್ಲಿದೆ ಎಂದು ಸೂರ್ಯನಿಗೆ ತಿಳಿಯಲಿ ಎಂದು ಅದು ಒಂದು ಗಳಿಗೆ ಇಲ್ಲವಾಗಿರುತ್ತದೆ.